ಕಾರಿನ ಖರ್ಚು ಇಳಿಸೋದು ಹೇಗೆ? ಗ್ಯಾರೇಜ್ ಶಿವಣ್ಣನವರನ್ನ ಕೇಳಿ

ಅಡ್ಮಿನ್: ಶಿವಣ್ಣನವರು ಇವತ್ತು ಉತ್ತರ ಕೊಡ್ತಾರೆ. ಯಾವ ಗಾಡಿ, ಎಷ್ಟು ಓಡಿದೆ ಅಂತ ಬರೆದು ಕೇಳಿ.

ಮಂಜುನಾಥ: ಸರ್, ಪೆಟ್ರೋಲ್ ಹ್ಯಾಚ್‌ಬ್ಯಾಕ್, 62 ಸಾವಿರ ಕಿ.ಮೀ. ಲೀಟರಿಗೆ 18 ಬರ್ತಿತ್ತು, ಈಗ 14. ಇಂಜೆಕ್ಟರ್ (ಇಂಜಿನ್ನಿಗೆ ಇಂಧನ ಚಿಮ್ಮಿಸೋ ಭಾಗ) ಕ್ಲೀನ್ ಮಾಡಿಸಲಾ?

ಶಿವಣ್ಣ: ಈಗಲೇ ಬೇಡ. ಮೀಟರ್ ತೋರಿಸೋ ಮೈಲೇಜ್ ನಂಬಬೇಡಿ. ಆಟೋ ಕಟ್ ಆಗೋವರೆಗೆ ಫುಲ್ ಟ್ಯಾಂಕ್ ಮಾಡಿಸಿ, 300 ಕಿ.ಮೀ. ಓಡಿಸಿ, ಅದೇ ಪಂಪಲ್ಲಿ ಹಾಗೇ ತುಂಬಿಸಿ, ಓಡಿದ ಕಿ.ಮೀ.ಯನ್ನ ಈಗ ಹಿಡಿದ ಲೀಟರಿಂದ ಭಾಗಿಸಿ. ಆಗಲೂ 14 ಬಂದ್ರೆ, ಹತ್ತು ಕಿ.ಮೀ. ಓಡಿಸಿ ಬ್ರೇಕ್ ಆದಷ್ಟು ಒತ್ತದೆ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಒಂದು ಕಾದಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿರುತ್ತೆ, ಹೆಚ್ಚಾಗಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ಪಿನ್ ಜಾಮ್ ಆಗಿ. ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆ ಅಂತಲೇ ಬರೋ ಗ್ರೀಸ್ ಹಚ್ಚಿಸಿ. ಮಾಮೂಲಿ ಗ್ರೀಸ್ ಹಚ್ಚಿದ್ರೆ ರಬ್ಬರ್ ಊದುತ್ತೆ.

ಶೋಭಾ: ಬೆಳಗಿನ ಜಾವದ ತಂಪಲ್ಲಿ ಪೆಟ್ರೋಲ್ ಹಾಕಿಸಿದ್ರೆ ಜಾಸ್ತಿ ಬರುತ್ತಂತೆ, ನಿಜಾನಾ?

ಶಿವಣ್ಣ: ಇಲ್ಲಮ್ಮ. ಬಂಕಿನ ಟ್ಯಾಂಕ್ ನೆಲದೊಳಗಿರುತ್ತೆ, ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಬಿಸಿ-ತಂಪಿನ ಅಂಥ ವ್ಯತ್ಯಾಸ ಆಗಲ್ಲ.

ಇಮ್ತಿಯಾಜ್: ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಮಾಡಿದ್ರೆ ಉಳಿತಾಯ ಅಲ್ವಾ?

ಶಿವಣ್ಣ: ಅಲ್ಲ. ಗೇರಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ರೆ ಇಂಜೆಕ್ಷನ್ ಗಾಡಿ ಇಂಧನ ಬಿಡೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲಲ್ಲಿ ಐಡಲ್‌ಗೆ ಕುಡೀತಾನೇ ಇರುತ್ತೆ. ಮೇಲಾಗಿ ಭಾರವೆಲ್ಲ ಬ್ರೇಕ್ ಮೇಲೆ. ಕಾದು ಬ್ರೇಕ್ ಫ್ಲೂಯಿಡ್ ಕುದ್ದರೆ ಪೆಡಲ್ ನೆಲ ಮುಟ್ಟುತ್ತೆ. ಎರಡನೇ ಗೇರಲ್ಲೋ ಮೂರರಲ್ಲೋ ಇಳೀರಿ.

ಲತಾ: ತಿಂಗಳಿಗೆ 1,200 ಕಿ.ಮೀ. ಓಡಿಸ್ತೀನಿ. ಸಿಎನ್‌ಜಿ ಕಿಟ್ ಹಾಕಿಸಿದ್ರೆ ಲಾಭಾನಾ?

ಪ್ರಸನ್ನ: 2021ರ ಡೀಸೆಲ್ ಎಸ್‌ಯುವಿ, ಬೆಂಗಳೂರಲ್ಲಿ ಸ್ಕೂಲು, ಆಫೀಸು, 6 ಕಿ.ಮೀ. ಓಡಾಟ. ಆಯಿಲ್ ಒಂದು ತೊಟ್ಟೂ ಕಮ್ಮಿ ಆಗಿಲ್ಲ, ಆಯಿಲ್ ಅಳೆಯೋ ಸ್ಟಿಕ್ಕಲ್ಲಿ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲೇ ಇದೆ. ಆಯಿಲ್ ಚೇಂಜ್ ಮುಂದಕ್ಕೆ ಹಾಕಬಹುದಲ್ವಾ?

ಶಿವಣ್ಣ: ಹಾಕಬೇಡಿ. ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಭಯ ಆಗಿದ್ದು ಇದಕ್ಕೇ. ಆಯಿಲ್ ತಾನಾಗಿ ಹೆಚ್ಚಲ್ಲ, ಡೀಸೆಲ್ ಸೇರಿರುತ್ತೆ. ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡೀಲಿ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಫಿಲ್ಟರ್ ಇದೆ. ಅದು ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟು, 600 ಡಿಗ್ರಿ ಆಸುಪಾಸು ಕಾಯಿಸಿ ಮಸಿ ಸುಡುತ್ತೆ. ಅದಕ್ಕೆ 15–20 ನಿಮಿಷ ಎಡೆಬಿಡದೆ ಓಡಬೇಕು. ನೀವು ಅಷ್ಟರಲ್ಲಿ ಆಫ್ ಮಾಡಿರ್ತೀರಿ. ಮಾರನೇ ದಿನ ಮತ್ತೆ ಮೊದಲಿಂದ. ಪ್ರತಿ ಸಲ ಸ್ವಲ್ಪ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್ ಚೇಂಬರಿಗೆ ಇಳಿಯುತ್ತೆ. ಆಯಿಲ್ ತೆಳ್ಳಗಾಗಿ ಟರ್ಬೊ, ಬೇರಿಂಗ್ ಸವೆಯುತ್ತೆ. ಮಟ್ಟ ಇನ್ನೂ ಏರಿದ್ರೆ ಇಂಜಿನ್ ಆ ಆಯಿಲನ್ನೇ ಎಳ್ಕೊಂಡು ಉರಿಸೋಕೆ ಶುರು ಮಾಡಬಹುದು, ಆಗ ಕೀ ತೆಗೆದ್ರೂ ನಿಲ್ಲಲ್ಲ.

ಸಮತಟ್ಟಾದ ಜಾಗದಲ್ಲಿ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಿ, ಮೂಸಿ. ಮಟ್ಟ ಅಷ್ಟೇ ಇದ್ರೆ ಸ್ಟಾರ್ಟ್ ಮಾಡಬೇಡಿ, ಡೀಸೆಲ್ ವಾಸನೆ ಬರದಿದ್ರೂ ಸರಿ. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಗಬೇಕು. ಮ್ಯಾನ್ಯುಯಲ್ ಹೇಳಿದ ಗ್ರೇಡೇ ಹಾಕಿಸಿ, ಅದು ಬೂದಿ ಕಮ್ಮಿ ಬಿಡೋ ಆಯಿಲ್. ಅಗ್ಗ ಅಂತ ಹಳೇ ಥರದ್ದು ಸುರಿದ್ರೆ ಬೂದಿ ಡಿಪಿಎಫ್ ಒಳಗೇ ಕೂರುತ್ತೆ. ಮಸಿ ಸುಡುತ್ತೆ, ಬೂದಿ ಸುಡಲ್ಲ. ಸ್ಕ್ಯಾನರ್ ಹಾಕಿಸಿ ಮಸಿ ಎಷ್ಟಿದೆ, ಪ್ರೆಷರ್ ಸೆನ್ಸರ್ ಸರಿ ಇದೆಯಾ, ಇಂಜೆಕ್ಟರ್ ಸೋರ್ತಿದೆಯಾ ನೋಡಿಸಿ. ಇಷ್ಟೆಲ್ಲ ಆದ ಮೇಲೆ ವಾರಕ್ಕೊಮ್ಮೆ ಹೈವೇಲಿ ಅರ್ಧ ಗಂಟೆ, 60–80ರಲ್ಲಿ, 2000 ಆರ್‌ಪಿಎಂಗಿಂತ ಮೇಲೆ.

ರಮೇಶ್: ಫಾರ್ವರ್ಡ್ ಬಂದದ್ದು: ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿದ್ರೆ ಮೈಲೇಜ್ ಏರುತ್ತೆ.

ಶಿವಣ್ಣ: ನುಸಿಗುಳಿಗೆ ಬಟ್ಟೆ ಬೀರುವಿಗೆ. ಟ್ಯಾಂಕಿಗೆ ಹಾಕಿದ್ರೆ ಫಿಲ್ಟರ್ ಕಟ್ಟಿ ಪಂಪ್ ಹೋಗಬಹುದು.

ರಮೇಶ್: ಪೆಟ್ರೋಲ್ ಪೈಪಿಗೆ ಅಯಸ್ಕಾಂತ?

ಶಿವಣ್ಣ: ಇಂಥದ್ದು ಇನ್ನೊಂದು ಬಂದ್ರೆ ನಾನು ಹೊರಟೆ.

ಗಿರೀಶ್: ಅಸಲಿ ಕಾರಣ ಯಾರೂ ಹೇಳ್ತಿಲ್ಲ. ಇ20 ಪೆಟ್ರೋಲ್ (ಕಬ್ಬು ಮುಂತಾದವುಗಳಿಂದ ಮಾಡೋ ಎಥನಾಲ್ 20% ಬೆರೆಸಿದ್ದು) ಬಂದ ಮೇಲೆ ಮೈಲೇಜ್ 30% ಹೋಯ್ತು.

ನಾಗರಾಜ: 30 ಎಲ್ಲಿಂದ ತಂದ್ರಿ? ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. 20% ಬೆರೆಸಿದ್ರೆ ಹೆಚ್ಚೆಂದ್ರೆ 7%.

ಗಿರೀಶ್: ಹಳೇ ಗಾಡಿಗಳ ರಬ್ಬರ್ ಪೈಪ್ ಹಾಳಾಗೋದು ನಿಮ್ಮ ಲೆಕ್ಕದಲ್ಲಿ ಬರಲ್ವಾ? ಸಕ್ಕರೆ ಫ್ಯಾಕ್ಟರಿ ಏಜೆಂಟಾ ನೀವು?

ನಾಗರಾಜ: ಮೈಲೇಜ್ ಮಾತಾಡ್ತಿದ್ರಿ, ಪೈಪಿಗೆ ಯಾಕೆ ಹಾರಿದ್ರಿ? ಭಾಗಾಕಾರ ಕಲಿತು ಬನ್ನಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲಾಂದ್ರೆ ಕಾಮೆಂಟ್ ತೆಗೀತೀನಿ.

ಶಿವಣ್ಣ: ಲೆಕ್ಕ ನಾಗರಾಜರದ್ದು ಸರಿ. ಹಳೇ ಗಾಡಿಯವರು ಸರ್ವಿಸಲ್ಲಿ ಫ್ಯೂಯಲ್ ಹೋಸ್ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ ನೋಡಿಸಿ. ಸಾಕು.

ಕಿರಣ್: ಟೈರಿಗೆ ನೈಟ್ರೋಜನ್ ತುಂಬಿಸೋದು ಒಳ್ಳೇದಾ? ಬೆಳಗ್ಗೆ ಪೆಟ್ರೋಲ್ ಹಾಕಿಸೋದು?

ಶಿವಣ್ಣ: ಗಾಳೀಲೇ 78% ನೈಟ್ರೋಜನ್ ಇದೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ನೋಡಿ, ಟೈರ್ ತಣ್ಣಗಿದ್ದಾಗ 15 ದಿನಕ್ಕೊಮ್ಮೆ ಅಷ್ಟು ಗಾಳಿ ಹಿಡಿಸಿ. ಎರಡನೇದಕ್ಕೆ ಮೇಲೆ ಓದಿ.

ಪ್ರಸನ್ನ: ಸರ್, ವಾಸನೆ ಇದೆ. ಶನಿವಾರ ಸಕಲೇಶಪುರಕ್ಕೆ ಹೋಗಿ ಬಂದು ಮಾಡಿಸಲಾ? ಹೈವೇಲಿ ಓಡಿಸಿ ಅಂದ್ರಲ್ಲ.

ಶಿವಣ್ಣ: ಆಯಿಲ್ ಬದಲಾದ ಮೇಲೆ ಅಂದೆ. ಗಾಡಿ ಇದ್ದಲ್ಲೇ ಇರಲಿ, ಟೋಯಿಂಗ್‌ನವರನ್ನ ಕರೆಸಿ.