ಸಹಾಯ ಬೇಕು: ಹಳೆಯ ಚಹಾ ಪೆಟ್ಟಿಗೆಗಳು ಯಾರ ಬಳಿಯಾದರೂ ಇವೆಯೇ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮುಂದಿನ ವಾರ ನಮ್ಮ ಮಕ್ಕಳು ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ಬಾಸ್ಟನ್ ಊರಿನ ಚಹಾ ಪ್ರಕರಣವನ್ನು ಕಿರುನಾಟಕವಾಗಿ ಆಡುತ್ತಿದ್ದಾರೆ. 1773ರ ಡಿಸೆಂಬರ್ 16ರ ರಾತ್ರಿ ಅಲ್ಲಿನವರು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ನಮಗೆ ನಾಲ್ಕು ಸಾಕು! ತೋಟದ ಗೋದಾಮಿನಲ್ಲಿ ಹಳೆಯ ಮರದ ಪೆಟ್ಟಿಗೆಗಳಿದ್ದರೆ ಎರಡು ದಿನಕ್ಕೆ ಕೊಡಿ, ಕೆರೆಗೆ ಎಸೆಯುವುದಿಲ್ಲ.

ಇನ್ನೊಂದು ತೊಡಕು. ಆ ವರ್ಷದ ಚಹಾ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಗ್ಗವಾಗಿಯೇ ಸಿಗುವಂತಿತ್ತು. "ಅಗ್ಗವಾದರೆ ಜಗಳ ಏಕೆ ಸರ್?" ಎಂದು ಕಾಫಿ ಬೆಳೆಗಾರರ ಮಗಳೊಬ್ಬಳು ಕೇಳಿದಳು. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ ಉಳಿದೇ ಇತ್ತು, ಅದನ್ನು ಹೇರಿದ ಬ್ರಿಟಿಷ್ ಸಂಸತ್ತಿನಲ್ಲಿ ಅಮೆರಿಕದ ವಸಾಹತಿನವರ ಪ್ರತಿನಿಧಿ ಒಬ್ಬನೂ ಇರಲಿಲ್ಲ, ಮಾರುವ ಹಕ್ಕು ಕಂಪನಿ ಆರಿಸಿದ ಕೆಲವರಿಗಷ್ಟೇ, ಉಳಿದ ವರ್ತಕರು ಕೈಕಟ್ಟಿ ಕೂರಬೇಕಾಯಿತು ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಹಟ ನನಗೆ ಇಷ್ಟವಾಯಿತು.

1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ಜೊತೆ ಹೋಲಿಸಿ ಹೇಳಿದರೆ ಅರ್ಥವಾದೀತು. ಅದರ ಫೋಟೊ ಅಥವಾ ಹಿರಿಯರಿಂದ ಕೇಳಿದ ನೆನಪು ಇದ್ದರೆ ಇಲ್ಲಿ ಹಾಕಿ. ಪೆಟ್ಟಿಗೆ ಒಯ್ಯಲು ನಾನೇ ಜೀಪಿನಲ್ಲಿ ಬರುತ್ತೇನೆ.