ಏಸ್ ಎಂಜಿನ್ನಿಗೆ ಓಮ್ನಿ ಗೇರ್‌ಬಾಕ್ಸ್ ಕೂರುತ್ತಾ?

ತೋಟದಹುಡುಗ, ಹದಡಿ ರೋಡ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಎರಡು ಸೀಟಿನ ಬಗ್ಗಿ (ನಾವೇ ಜೋಡಿಸ್ಕೊಳ್ಳೋ ತೆರೆದ ಸಣ್ಣ ಗಾಡಿ) ಕಿಟ್ ತಗೊಂಡು ಎಂಟು ತಿಂಗಳಾಯ್ತು. ಪೈಪಿನ ಚಾಸಿ, ಫೈಬರ್ ಬಾಡಿ ಅವರು ಕೊಡ್ತಾರೆ, ಉಳಿದ ಸಾಮಾನೆಲ್ಲ ಮಾರುತಿ ಓಮ್ನಿದು ನಾವು ಹಾಕ್ಕೋಬೇಕು. ಮನೇಲಿ ಹಳೇ ಓಮ್ನಿ ಇತ್ತಲ್ಲ ಅನ್ನೋ ಧೈರ್ಯದ ಮೇಲೆ ದುಡ್ಡು ಕಟ್ಟಿದೆ. ಅಷ್ಟರಲ್ಲಿ ರೇಡಿಯೇಟರಲ್ಲಿ ನೀರಿಲ್ಲದೆ ಓಡಿಸಿ ಅದರ ಎಂಜಿನ್ ಜಾಮ್ ಆಯ್ತು. ಓಡಿಸಿದ್ದು ನಾನೇ, ಅಪ್ಪಂಗೆ ಇನ್ನೂ ಹೇಳಿಲ್ಲ. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ಚೆನ್ನಾಗಿವೆ, ಚಾಸಿಗೆ ಕೂರಿಸಿಯೂ ಆಗಿದೆ.

ಗುಜರಿಯಲ್ಲಿ ಟಾಟಾ ಏಸ್ ಎಂಜಿನ್ ಸಿಕ್ತು. 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್. ಅಲ್ಲೇ ಸ್ಟಾರ್ಟ್ ಮಾಡಿ ತೋರಿಸಿದ್ರು, ಹೊಗೆ ಇಲ್ಲ. ಅದರ ಗೇರ್‌ಬಾಕ್ಸ್ ಆಕ್ಸಿಡೆಂಟಲ್ಲಿ ಒಡೆದು ಹೋಗಿತ್ತು, ಅದಕ್ಕೇ ಸಸ್ತಾ. ತೋಟದಲ್ಲಿ ಪಂಪಿಗೆ ಅಂತ ಡೀಸೆಲ್ ಇದ್ದೇ ಇರುತ್ತೆ, ಹಂಗಾಗಿ ತಂದುಬಿಟ್ಟೆ.

ಈಗ ಓಮ್ನಿ ಗೇರ್‌ಬಾಕ್ಸಿಗೂ ಏಸ್ ಎಂಜಿನ್ನಿಗೂ ಬೋಲ್ಟಿನ ತೂತು ಒಂದಕ್ಕೊಂದು ತಾಳೆ ಆಗ್ತಿಲ್ಲ. ಪಿ.ಬಿ. ರೋಡಿನಲ್ಲಿ ಒಬ್ಬ ಫ್ಯಾಬ್ರಿಕೇಶನ್ನಿನವರು ರಟ್ಟಿನ ಮೇಲೆ ಎರಡೂ ಕಡೆ ತೂತಿನ ಗುರುತು ತಗೊಂಡು, "20 ಎಂಎಂ ಪ್ಲೇಟ್ ಕೊಯ್ದು ನಡುವೆ ಹಾಕೋಣ, ಒಂದು ದಿನದ ಕೆಲಸ" ಅಂದಿದ್ದಾರೆ. ಡೀಸೆಲ್ ಎಂಜಿನ್ ಏಟಿಗೆ ಪೆಟ್ರೋಲ್ ಗಾಡಿ ಗೇರ್‌ಬಾಕ್ಸ್ ಒಡೆದು ಹೋಗುತ್ತಾ ಅನ್ನೋದೇ ನನ್ನ ಭಯ. ಅನುಭವ ಇದ್ದೋರು ಹೇಳ್ರಿ.

ಚಕ್ರಪಾಣಿ:

ತಲೆಬಿಸಿ ಯಾಕೆ? ಸೆಕೆಂಡ್‌ಹ್ಯಾಂಡ್ ಏಸ್ ಗೇರ್‌ಬಾಕ್ಸೇ ಹುಡುಕಿ ಹಾಕಿ. ಊರು ತುಂಬ ಏಸ್ ಗಾಡಿಗಳೇ ಅಲ್ವಾ.

ಹಳೇಟರ್ನರ್, ಹರಿಹರ:

ಚಕ್ರಪಾಣಿಯವರು ಹೇಳಿದ್ದು ಸರಿ, ನಾನಾದ್ರೂ ಮೊದಲು ಅದನ್ನೇ ಹುಡುಕ್ತಿದ್ದೆ. ಆದ್ರೆ ಈ ಹುಡುಗನ ಚಾಸಿ ಓಮ್ನಿ ಗೇರ್‌ಬಾಕ್ಸಿಗೆ ಅಂತ ಮಾಡಿದ್ದು. ಅದನ್ನ ಬದಲಾಯಿಸಿದ್ರೆ ಮೌಂಟಿಂಗ್, ಶಾಫ್ಟಿನ ಉದ್ದ, ಲಿವರ್ ಎಲ್ಲ ಬದಲಾಗುತ್ತೆ. ಹಂಗಾಗಿ ಪ್ಲೇಟಿನ ದಾರಿ ತಪ್ಪಲ್ಲ. ರಟ್ಟಿನ ದಾರಿ ಮಾತ್ರ ತಪ್ಪು ತಮ್ಮಾ.

ನಾನು ಮೂವತ್ತು ವರ್ಷ ಲೇತಿನ ಮುಂದೆ ನಿಂತವನು. ಈಗಲೂ ಮನೆ ಹಿಂದೆ ಒಂದು ಹಳೇ ಕಿರ್ಲೋಸ್ಕರ್ ಟರ್ನ್‌ಮಾಸ್ಟರ್ ಇಟ್ಕೊಂಡಿದೀನಿ. ಒಂದು ಸಲ ನಾನೇ ರಟ್ಟಿನ ಗುರುತು ನಂಬಿ ಒಬ್ಬರ ಜೀಪಿಗೆ ಬೇರೆ ಎಂಜಿನ್ ಕೂರಿಸಿದ್ದೆ. ಬೋಲ್ಟೆಲ್ಲ ಬೆಣ್ಣೆಯಂಗೆ ಹೋದ್ವು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎರಡು ತಿಂಗಳಿಗೆ ಆನಗೋಡು ಹತ್ರ ನಾಲ್ಕನೇ ಗೇರು ತಾನಾಗೇ ಬಿಟ್ಟುಕೊಳ್ಳೋಕೆ ಶುರು. ಬಿಚ್ಚಿ ನೋಡಿದ್ರೆ ಎಂಜಿನ್ನಿನ ಕ್ರ್ಯಾಂಕ್ ತುದೀಲಿ ಗೇರ್‌ಬಾಕ್ಸ್ ಶಾಫ್ಟಿಗೆ ಆಸರೆ ಕೊಡೋ ಪೈಲಟ್ ಬುಷ್ಷಿನ ದುಂಡು ತೂತು ಅವರೆಕಾಳಿನ ಆಕಾರ ಆಗಿತ್ತು. ಗೇರ್‌ಬಾಕ್ಸಿನ ಮುಂದಿನ ಬೇರಿಂಗೂ ಹೋಗಿತ್ತು. ಸೆಂಟರ್ ತಪ್ಪಿದ್ದು ಬರೀ ಅರ್ಧ ಎಂಎಂ.

ಕಾರಣ ಇಷ್ಟೇ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂಗು ಕ್ರ್ಯಾಂಕ್ ತುದಿಯ ಬುಷ್ಷಿನೊಳಗೆ ಕೂರುತ್ತೆ. ಎರಡೂ ಒಂದೇ ಗೆರೇಲಿ ತಿರುಗಬೇಕು. ಬೋಲ್ಟ್ ಬರೀ ಬಿಗಿ ಹಿಡಿಯುತ್ತೆ, ಸೆಂಟರ್ ಹಿಡಿಯಲ್ಲ. ಬೋಲ್ಟಿನ ತೂತು ಯಾವಾಗಲೂ ಬೋಲ್ಟಿಗಿಂತ ಸಡಿಲ ಇರುತ್ತೆ. ಸೆಂಟರ್ ಹಿಡಿಯೋದು ತೂತಿಗೆ ಬಿಗಿಯಾಗಿ ಕೂರೋ ಡವೆಲ್ ಪಿನ್ನು.

ನಾನೀಗ ಮಾಡೋದು ಹೀಗೆ. ಪ್ಲೇಟನ್ನ ಲೇತಿನ ಫೇಸ್‌ಪ್ಲೇಟಿಗೆ (ತಿರುಗೋ ತಟ್ಟೆಗೆ) ಕಟ್ಟಿ ನಡುವಿನ ದೊಡ್ಡ ತೂತನ್ನ ಅಲ್ಲೇ ಬೋರ್ ಮಾಡ್ತೀನಿ, ಗ್ಯಾಸ್ ಕಟಿಂಗ್ ತೂತು ಇದಕ್ಕೆ ಆಗಲ್ಲ. ಪ್ಲೇಟನ್ನ ಎಂಜಿನ್ನಿಗೆ ಸಡಿಲವಾಗಿ ಬೋಲ್ಟ್ ಮಾಡಿ, ಫ್ಲೈವೀಲಿಗೆ ಡಯಲ್ ಗೇಜಿನ (ಕೂದಲೆಳೆ ವ್ಯತ್ಯಾಸ ತೋರಿಸೋ ಮುಳ್ಳಿನ ಮೀಟರಿನ) ಮ್ಯಾಗ್ನೆಟ್ ಕಚ್ಚಿಸಿ, ಅದರ ಕಡ್ಡಿಯನ್ನ ತೂತಿನ ಒಳಮೈಗೆ ತಾಗಿಸಿ, ಕ್ರ್ಯಾಂಕ್ ಕೈಯಲ್ಲಿ ನಿಧಾನ ತಿರುಗಿಸ್ತೀನಿ. ಮುಳ್ಳು ಒಟ್ಟು 10 ಥೌ, ಅಂದ್ರೆ 0.25 ಎಂಎಂ ಒಳಗೆ ಆಡಬೇಕು. ಅಷ್ಟು ಆಡಿದ್ರೆ ಸೆಂಟರ್ ಅದರ ಅರ್ಧ ತಪ್ಪಿದೆ ಅಂತ ಲೆಕ್ಕ, ಅಲ್ಲಿಗೆ ಪಾಸು. ಪ್ಲೇಟಿಗೆ ಮರದ ಸುತ್ತಿಗೇಲಿ ತಟ್ಟಿ ತಟ್ಟಿ ಸರಿ ಮಾಡಿ, ಬೋಲ್ಟ್ ಬಿಗಿದು, ರೀಮರ್ ಹಾಕಿ ಎರಡು ಡವೆಲ್ ಹೊಡೀತೀನಿ.

ಆಮೇಲೆ ಪ್ಲೇಟನ್ನ ಎಂಜಿನ್ನಿಂದ ಬಿಚ್ಚಿ ಗೇರ್‌ಬಾಕ್ಸ್ ಕಡೆ ಹಿಡಿಸೋದು. ಅದೇ ಡಯಲ್ಲನ್ನ ಈ ಸಲ ಇನ್‌ಪುಟ್ ಶಾಫ್ಟಿಗೆ ಕಟ್ಟಿ, ಅದೇ ತೂತಿನ ಒಳಮೈಗೆ ತಾಗಿಸಿ ಶಾಫ್ಟ್ ತಿರುಗಿಸೋದು. ಶಾಫ್ಟಿನ ತುದಿಗೆ ಆಸರೆ ಇಲ್ಲದೆ ತುಸು ಜೋತುಬೀಳುತ್ತೆ, ಅದಕ್ಕೆ ಗೇರ್‌ಬಾಕ್ಸನ್ನ ಮೂಗು ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿ ಓದಬೇಕು. ಇದು ನನಗೆ ಯಾರೂ ಹೇಳಿಕೊಡಲಿಲ್ಲ, ಒಂದು ಪ್ಲೇಟ್ ಗುಜರಿಗೆ ಹಾಕಿ ಕಲಿತದ್ದು.

ಇನ್ನು ಆ 20 ಎಂಎಂ. ಯಾಕೆ 20? ಅವರ ಅಂಗಡೀಲಿ ಆ ದಪ್ಪದ ತುಂಡು ಬಿದ್ದಿತ್ತು, ಅದಕ್ಕೇ ಇರಬೇಕು. ಪ್ಲೇಟಿನ ದಪ್ಪ ಶಾಫ್ಟು ಹೇಳಬೇಕು. ಪ್ಲೇಟ್ ಎಷ್ಟು ದಪ್ಪವೋ ಶಾಫ್ಟು ಅಷ್ಟು ಹಿಂದೆ ಹೋಗುತ್ತೆ. ಜಾಸ್ತಿ ದಪ್ಪ ಆದ್ರೆ ಮೂಗು ಬುಷ್ಷಿಗೆ ಸಿಗಲ್ಲ, ಕ್ಲಚ್ ಪ್ಲೇಟಿನ ಹಬ್ಬು ಹಲ್ಲಿನ ತುದೀಲಿ ನೇತಾಡುತ್ತೆ. ತೆಳು ಆದ್ರೆ ಮೂಗು ಹೋಗಿ ಕ್ರ್ಯಾಂಕಿಗೆ ಒತ್ತುತ್ತೆ. ಅದು ಇನ್ನೂ ಕೆಟ್ಟದ್ದು, ಕ್ರ್ಯಾಂಕ್ ಹಿಂದೆಮುಂದೆ ಸರಿಯದಂಗೆ ತಡೆಯೋ ಥ್ರಸ್ಟ್ ವಾಷರ್ ತಿಂದುಹಾಕುತ್ತೆ. ಮೂಗಿನ ಮುಂದೆ 2-3 ಎಂಎಂ ಖಾಲಿ ಇರಲಿ. ಮೊದಲು ಎರಡೂ ಕಡೆ ಅಳತೆ ತಗೊಂಡು, ಆಮೇಲೆ ಪ್ಲೇಟ್ ಕೊಯ್ರಿ. ಮೂಗು ಸ್ವಲ್ಪ ಗಿಡ್ಡ ಬಂದ್ರೆ ಗನ್‌ಮೆಟಲ್‌ನಲ್ಲಿ ಉದ್ದನೆ ಬುಷ್ ತಿರುಗಿಸಿ ಕೊಡೋಣ.

ಫ್ಲೈವೀಲ್, ಪ್ರೆಷರ್ ಪ್ಲೇಟ್, ಸ್ಟಾರ್ಟರ್ ಮೂರೂ ಏಸಿಂದೇ ಇರಲಿ. ಹಲ್ಲು ಹಲ್ಲಿಗೆ ತಾಳೆ ಇರುತ್ತೆ. ಸ್ಟಾರ್ಟರ್ ಕೂರೋ ಜಾಗ ಪ್ಲೇಟಿನಲ್ಲೇ ಕೊರೆಯೋಣ. ಕ್ಲಚ್ ಪ್ಲೇಟ್ ಮಾತ್ರ ಮಿಶ್ರ ತಳಿ: ಸುತ್ತಳತೆ ಏಸಿಂದು, ನಡುಭಾಗ ಸ್ಪ್ರಿಂಗ್ ಸಮೇತ ಓಮ್ನಿದು. ರಿವಿಟ್ ಹೊಡೆದು ಕೊಡೋ ಕ್ಲಚ್ ರಿಪೇರಿಯವರು ಇದಾರೆ. ಕ್ಲಚ್ ತುಳಿದಾಗ ಒತ್ತೋ ರಿಲೀಸ್ ಬೇರಿಂಗ್ ಏಸ್ ಪ್ರೆಷರ್ ಪ್ಲೇಟಿನ ಬೆರಳುಗಳ ಮೇಲೆ ಸರಿಯಾಗಿ ಕೂರುತ್ತಾ ಅಂತ ಗೇರ್‌ಬಾಕ್ಸ್ ಜೋಡಿಸೋ ಮುಂಚೆ ನೋಡ್ರಿ. ಜೋಡಿಸಿದ ಮೇಲೆ ಗೊತ್ತಾದ್ರೆ ಅಳು ಬರುತ್ತೆ.

ಬಗ್ಗಿಪ್ರವೀಣ:

ಟರ್ನರ್ ಕಾಕಾ, ಈ ಮಾತು ನಾಲ್ಕು ವರ್ಷದ ಹಿಂದೆ ಸಿಕ್ಕಿದ್ರೆ ನಮ್ಮ ಟೀಮು ಬಚಾವಾಗ್ತಿತ್ತು. ಕಾಲೇಜಲ್ಲಿ ಬಾಹಾ (ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಗ್ಗಿ ಸ್ಪರ್ಧೆ) ಬಗ್ಗಿ ಮಾಡುವಾಗ 305 ಸಿಸಿ ಬ್ರಿಗ್ಸ್ ಎಂಜಿನ್ನಿಗೆ ಮಹೀಂದ್ರಾ ಆಲ್ಫಾ ಆಟೋದ ಗೇರ್‌ಬಾಕ್ಸ್ ಕೂರಿಸಿದ್ವಿ. ಸ್ಪರ್ಧೆಗೆ ಅಂತ ಪೀಥಂಪುರಕ್ಕೆ ಹೊರಡೋ ಹಿಂದಿನ ರಾತ್ರಿ ಕಪ್ಲಿಂಗ್ ಹೋಯ್ತು. ಕಣ್ಣಳತೆಯಲ್ಲಿ ಜೋಡಿಸಿದ್ದ ಫಲ.

ಹುಡುಗ ಕೇಳಿದ ಪ್ರಶ್ನೆಗೆ ಉತ್ತರ: ಒಡೆಯಲ್ಲ. ಓಮ್ನಿಯ 796 ಸಿಸಿ ಎಂಜಿನ್ ಕೊಡೋ ಟಾರ್ಕ್ ಸುಮಾರು 59 ನ್ಯೂಟನ್ ಮೀಟರ್. ಹಳೇ ಏಸಿಂದು 38ರ ಆಸುಪಾಸು. ಗೇರ್‌ಬಾಕ್ಸಿಗೆ ಭಾರ ಕಮ್ಮಿಯೇ ಆಯ್ತು. ಡೀಸೆಲ್ ಅಂದ ತಕ್ಷಣ ಭಾರಿ ಬಲ ಅಂದ್ಕೋಬೇಡಿ, ಇದು 16 ಎಚ್‌ಪಿ. ತೊಂದರೆ ಇರೋದು ಬೇರೆ ಕಡೆ. ಏಸ್ 3200 ಆರ್‌ಪಿಎಂಗೆ ಪೂರ್ತಿ ಬಲ ಕೊಟ್ಟು ಮುಗಿಸುತ್ತೆ, ಓಮ್ನಿ 5000ಕ್ಕೆ. ಟಾಪ್ ಗೇರ್ 1:1, ಆಕ್ಸಲ್ ಸುಮಾರು 5:1, 12 ಇಂಚಿನ ಟೈರಿನ ಸುತ್ತಳತೆ 1.7 ಮೀಟರ್ ಅಂತ ಹಿಡಿದ್ರೆ, 3200ಕ್ಕೆ ಗಂಟೆಗೆ 65 ಕಿ.ಮೀ. ಬರುತ್ತೆ. ತೋಟಕ್ಕೆ ಅಷ್ಟು ಸಾಕು ಬಿಡಿ. ಆದ್ರೆ ಅದೇ ಗೇರು, ಅದೇ ಆಕ್ಸಲ್ ಇಟ್ಕೊಂಡು ಟಾರ್ಕ್ ಮಾತ್ರ ಮೂರನೇ ಎರಡು ಭಾಗಕ್ಕೆ ಇಳಿದಿರೋದ್ರಿಂದ ಚಕ್ರದ ಎಳೆತವೂ ಅಷ್ಟೇ ಇಳಿಯುತ್ತೆ. ಇಬ್ಬರು ಕೂತ್ರೆ ಬಗ್ಗಿ ಹಗುರ, ಓಡುತ್ತೆ. ಹಿಂದೆ ಟ್ರೇಲರ್ ಕಟ್ಟಿ ಹಸಿ ಅಡಿಕೆ ಗೊನೆ ಹೇರೋ ಯೋಚನೆ ಇದ್ರೆ ಬಿಟ್ಟುಬಿಡಿ, ಮಳೆಗಾಲದ ಕೆಸರಲ್ಲಿ ಕ್ಲಚ್ ಸುಟ್ಟ ವಾಸನೆ ಮನೆವರೆಗೂ ಬರುತ್ತೆ.

ಕೆಎ17:

ಒಂದು ವಿಷಯ ಯಾರೂ ಹೇಳ್ತಿಲ್ಲ. ಇದನ್ನ ರೋಡಿಗೆ ತರೋ ಆಸೆ ಇದ್ಯಾ? ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೂ ಕಂಪನಿ ಮಾಡಿದ ಮೂಲ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಓಮ್ನಿ ಆರ್‌ಸಿ ಇಟ್ಕೊಂಡು ಬಗ್ಗಿ ಓಡಿಸ್ತೀನಿ ಅಂದ್ರೆ ನಡೆಯಲ್ಲ. ಇನ್ಶೂರೆನ್ಸ್ ಮಾತಂತೂ ದೂರ. ಹೊಲದ ಬೇಲಿ ಒಳಗೇ ಇಟ್ಕೊಳ್ಳಿ.

ತೋಟದಹುಡುಗ:

ರೋಡಿಗೆ ಬೇಡ ಸಾರ್, ತೋಟದ ಬದು ಮೇಲೆ, ಜಾಸ್ತಿ ಅಂದ್ರೆ ನಾಲೆ ಏರಿ ಮೇಲೆ. ಪ್ರವೀಣ ಅವರೇ, ಟ್ರೇಲರ್ ಯೋಚನೆ ಇತ್ತು, ಈಗ ಇಲ್ಲ.

ಟರ್ನರ್ ಅಜ್ಜಾರೆ, ಪ್ಲೇಟ್ ಕೊಯ್ಯೋದು ನಿಲ್ಲಿಸಿ ಅಂತ ಪಿ.ಬಿ. ರೋಡಿನವರಿಗೆ ಫೋನ್ ಮಾಡಿದೆ. ಬೇಜಾರಾದ್ರು, ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದ್ರು. ಹೋಗ್ಲಿ, 500 ರೂಪಾಯಿ. ಎಂಜಿನ್ ಸ್ಟಾರ್ಟ್ ಆದ ಮೇಲೆ ಡೀಸೆಲ್ ನಡುಕಕ್ಕೆ ಗೇರ್‌ಬಾಕ್ಸ್ ಸದ್ದು ಮಾಡುತ್ತೆ ಅಂತಾರಲ್ಲ, ಅದು ನಿಜವಾ? ಮತ್ತೆ ಭಾನುವಾರ ಹರಿಹರಕ್ಕೆ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ತರಬಹುದಾ?

ಹಳೇಟರ್ನರ್, ಹರಿಹರ:

ನಿಜ. ಎಂಜಿನ್ ಎರಡು ಸುತ್ತು ತಿರುಗೋದ್ರೊಳಗೆ ಓಮ್ನಿ ಮೂರು ಏಟು ಹೊಡೆಯುತ್ತೆ, ಇದು ಎರಡೇ. ಏಟು ಕಮ್ಮಿ ಆದಷ್ಟೂ ಕುಲುಕಾಟ ಜಾಸ್ತಿ. ನ್ಯೂಟ್ರಲ್‌ನಲ್ಲಿ ಡಬ್ಬೀಲಿ ಕಡಲೆ ಹಾಕಿ ಅಲ್ಲಾಡಿಸಿದಂಗೆ ಕೇಳುತ್ತೆ. ಕ್ಲಚ್ ತುಳಿದಾಗ ಆ ಸದ್ದು ನಿಂತರೆ ಹೆದರಬೇಡ, ಐಡ್ಲಿಂಗ್ ಸ್ವಲ್ಪ ಏರಿಸು. ಕ್ಲಚ್ ತುಳಿದಾಗಲೇ ಸದ್ದು ಬಂದ್ರೆ ನನಗೆ ಫೋನ್ ಮಾಡು, ಅದು ರಿಲೀಸ್ ಬೇರಿಂಗೋ ಬುಷ್ಷೋ ಇರುತ್ತೆ.

ಭಾನುವಾರ ಹತ್ತು ಗಂಟೆ ಮೇಲೆ ಬಾ. ಏಸಿನ ಒಡೆದ ಗೇರ್‌ಬಾಕ್ಸ್ ಗುಜರೀಲಿ ಇನ್ನೂ ಇದ್ರೆ ಅದರ ಬೆಲ್ ಹೌಸಿಂಗಿನ (ಎಂಜಿನ್ನಿಗೆ ಬೋಲ್ಟ್ ಆಗೋ ಮುಂಭಾಗದ) ತುಂಡೂ ತಾ, ತೂತಿನ ಅಳತೆಗೆ ಅದು ರಟ್ಟಿಗಿಂತ ಮೇಲು. ಓಮ್ನಿ ಗೇರ್‌ಬಾಕ್ಸಿನ ಆಯಿಲ್ ಬಸಿದು, ಸೀಮೆಎಣ್ಣೇಲೋ ಡೀಸೆಲ್ಲಲ್ಲೋ ತೊಳೆದು ತಾ. ಹೋದ ಸಲ ಒಬ್ಬರು ಹಂಗೇ ತಂದು ಇಳಿಸಿದ್ರು, ಅಂಗಳದಲ್ಲಿ ನಮ್ಮ ಮನೆಯಾಕಿ ಹಾಕಿದ ರಂಗೋಲಿ ಮೇಲೆ. ಆ ಕಲೆ ಇನ್ನೂ ಹೋಗಿಲ್ಲ, ಮಾತೂ ನಿಂತಿಲ್ಲ.