ಕೆಲಸದ ದಣಿವಿಗೆ ದಿನನಿತ್ಯದ ಸಣ್ಣ ಸಂತೋಷಗಳು ನೆರವಾಗುತ್ತವೆಯೇ?

ಪ್ರಶ್ನೆ (ವಿಜಯಪುರ):
ನಾನು ಪ್ರೌಢಶಾಲಾ ಶಿಕ್ಷಕಿ. ಪಾಠ, ಮೌಲ್ಯಮಾಪನ, ಆನ್‌ಲೈನ್ ದಾಖಲೆಗಳ ನಡುವೆ ರಜೆಯ ದಿನವೂ ದಣಿವು ಆರುವುದಿಲ್ಲ. ಅಕ್ಕರೆಯಿಂದ ಮಾತನಾಡಿಸುತ್ತಿದ್ದ ಮಕ್ಕಳ ಮೇಲೂ ಈಗ ಬೇಸರ ಬರುತ್ತಿದೆ. ಕೃತಜ್ಞತೆಯ ಸಂಗತಿಗಳನ್ನು ಬರೆದಿಡುವುದರಿಂದ ನಿಜವಾಗಿಯೂ ಪ್ರಯೋಜನವಿದೆಯೇ?

ಉತ್ತರ (ಬಾಗಲಕೋಟೆ):
ಇದು ಖಂಡಿತ ಸೋಮಾರಿತನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂಥ ದಣಿವನ್ನು, ಅಂದರೆ ಬರ್ನ್‌ಔಟ್ ಅನ್ನು ಕಾಯಿಲೆಯೆಂದಲ್ಲ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮವೆಂದು ವಿವರಿಸಿ, ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕಾರ್ಯದಕ್ಷತೆ ಕುಗ್ಗುವುದು ಎಂಬ ಮೂರು ಲಕ್ಷಣಗಳನ್ನು ಗುರುತಿಸಿತು. ಮನೋವಿಜ್ಞಾನಿಗಳಾದ ಎಮನ್ಸ್ ಮತ್ತು ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಕೃತಜ್ಞತೆಯ ಸಂಗತಿಗಳನ್ನು ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ವ್ಯಕ್ತಪಡಿಸಿದ್ದರು. ‘ಎಲ್ಲವೂ ಚೆನ್ನಾಗಿದೆ’ ಎಂದು ಬರೆಯುವ ಬದಲು, ಪಕ್ಕದ ಮನೆಯವರು ಬಿಸಿ ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಟ್ಟದ್ದನ್ನು ಬರೆಯಿರಿ.

ಉತ್ತರ (ವಿಜಯಪುರ):
ನಾನು ಸಂಜೆ ಮೊಬೈಲ್ ಮನೆಯಲ್ಲಿಟ್ಟು ಆದಿಲ್‌ಶಾಹಿ ಸುಲ್ತಾನನ ಸಮಾಧಿಯಾದ ಇಬ್ರಾಹಿಂ ರೋಜಾದ ಕಡೆ ನಡೆಯುತ್ತೇನೆ. ಅಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕಿಟಕಿಗಳನ್ನು ನೋಡುತ್ತ ನಿಂತರೆ ಕಚೇರಿಯ ಗದ್ದಲ ಮನಸ್ಸಿನಿಂದ ಇಳಿಯುತ್ತದೆ.

ಉತ್ತರ (ಬೆಳಗಾವಿ):
ಇವೆಲ್ಲ ಒಳ್ಳೆಯವೇ. ಆದರೆ ಕೃತಜ್ಞತೆಯ ಹೆಸರಿನಲ್ಲಿ ಮಿತಿಮೀರಿದ ಹೊರೆಯನ್ನು ಸಹಿಸಬೇಡಿ. ದಾಖಲೆಯ ಕೆಲಸವನ್ನು ಹಂಚಿಕೊಡುವಂತೆ ಮುಖ್ಯೋಪಾಧ್ಯಾಯರನ್ನು ಸ್ಪಷ್ಟವಾಗಿ ಕೇಳಿರಿ. ನಿದ್ರೆ ಕೆಟ್ಟು ಹತಾಶೆ ಹೆಚ್ಚಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿರಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.